ಟೊಮೇಟೊ ಲೆಕ್ಕ

ಕಂಕೋಯೋ ಬೀದಿಯ ತಿರುವಿನಲ್ಲಿ
ಹಲಗೆಯ ಮೇಲೆ ಐದೈದರ ಗುಪ್ಪೆ ಜೋಡಿಸುತ್ತಾ
ಬಾನಾ ನ್ಕಾಂಡು ದಿನಾ ಕೇಳುವ ಮೊದಲ ಮಾತು:
"ಮೇಷ್ಟ್ರೇ, ಲಂಡನ್ನಿನಲ್ಲಿ ತಾಮ್ರ ಹೇಗಿದೆ?"
ಮನೆಕಡೆ ಎಲ್ಲ ಕ್ಷೇಮವೇ ಎನ್ನುವ ದನಿಯಲ್ಲಿ.

ಫೋನು ತೆಗೆದು ಓದುತ್ತೇನೆ. ಇಳಿದಿದೆ.
ಪ್ರತಿ ಗುಪ್ಪೆಯಿಂದ ಒಂದೊಂದು ಹಣ್ಣು
ಬುಟ್ಟಿಗೆ ಹಿಂತಿರುಗುತ್ತದೆ.
ಗಣಿಯ ಮೂರನೇ ಪಾಳಿಗೆ ಬೀಗ ಬಿದ್ದರೆ
ಇವಳ ಗಿರಾಕಿಗಳ ತಟ್ಟೆಯಲ್ಲಿ ಬರೀ ನ್ಷಿಮಾ, ಬರೀ ಉಪ್ಪು.

ಅದು ಅರ್ಥವಾಗುತ್ತದೆ.
ಆದರೆ ಒಂದು ವರ್ಷ ತಾಮ್ರ ಗಗನಕ್ಕೇರಿತು.
ರಾಜಧಾನಿಯಲ್ಲಿ ಗಾಜಿನ ಮಾಳಿಗೆಗಳೆದ್ದವು,
ರೇಡಿಯೋದಲ್ಲಿ ಮಂತ್ರಿ ಶೇಕಡಾವಾರು ಹೇಳಿ ಕೆಮ್ಮಿದ,
ನಮ್ಮ ಕ್ವಾಚಾ ಎದೆಯುಬ್ಬಿಸಿ ನಿಂತಿತು.
ನಾವೂ ನಿಂತೆವು.
ಅದೇ ವಾರ ದಕ್ಷಿಣದಿಂದ ಲಾರಿ ಬಂತು:
ಒಂದೇ ಅಳತೆ, ಒಂದೇ ಕೆಂಪು,
ಜೋಹಾನ್ಸ್‌ಬರ್ಗಿನ ಟೊಮೇಟೊ, ಇವಳದಕ್ಕಿಂತ ಅಗ್ಗ.
ಹಿತ್ತಲ ಗಿಡ ಮದ್ದಲ್ಲ. ಈಗ ಹಣ್ಣೂ ಅಲ್ಲವಾಯಿತು.

ಗಣಿತದ ಮೇಷ್ಟ್ರು ನಾನು, ಬೋರ್ಡಿನ ಮೇಲೆ ಬಿಡಿಸಿದೆ:
ತಾಮ್ರ ಏರಿದರೆ ನಾಣ್ಯಕ್ಕೆ ಬಲ, ನಾಣ್ಯಕ್ಕೆ ಬಲ ಬಂದರೆ...
ಕೊನೆಯ ಬೆಂಚಿನ ಚಿಬೇಸಾ ಎದ್ದ.
"ಸರ್, ಇಳಿದರೂ ಕಳೆಯುವುದು, ಏರಿದರೂ ಕಳೆಯುವುದು.
ಕೂಡುವ ಚಿಹ್ನೆ ಯಾರ ಮನೆಯಲ್ಲಿದೆ?"
ಗಂಟೆ ಹೊಡೆಯಿತು. ನನ್ನ ಪುಣ್ಯ.

ಸಂಜೆ ಕುಲುಮೆಯಿಂದ ಸೆಂಟಾ ಇಳಿಯುತ್ತದೆ,
ಗಂಧಕದ ಹೊಗೆಗೆ ಇಲ್ಲಿ ಅದೇ ಹೆಸರು, ನೆಂಟರನ್ನು ಕರೆದಂತೆ.
ಅಂಗಳದಲ್ಲಿ ಹುಲ್ಲೂ ಬಾಳದು.
ಅದಕ್ಕೇ ಅವಳ ತೋಟ ಒಂದೂವರೆ ಗಂಟೆಯ ನಡಿಗೆ,
ಕಾಫ್ಯೂ ನದಿಯಾಚೆ.
ಗಂಡ ಇಪ್ಪತ್ತೆರಡು ವರ್ಷ ಕೆಳಗೆ ಅಗೆದ,
ಬಿಟ್ಟುಹೋದದ್ದು ಒಂದು ಹಳದಿ ಹೆಲ್ಮೆಟ್ಟು.
ಅದರಲ್ಲಿ ಅವಳು ಬೀಜ ಒಣಗಿಸುತ್ತಾಳೆ.
"ತಾಮ್ರಕ್ಕೆ ಬೀಜ ಇಲ್ಲ ನೋಡಿ" ಅಂದಳು ಒಮ್ಮೆ,
ಗಾದೆಯಂತಲ್ಲ, ಸಿಡುಕಿ,
ಬೆರಳಿಗಂಟಿದ ತಿರುಳನ್ನು ಸೆರಗಿಲ್ಲದ ಬಟ್ಟೆಗೆ ಒರೆಸುತ್ತಾ.

ಇವತ್ತು ಫೋನು ಸತ್ತಿತ್ತು.
ನಿನ್ನೆಯಿಂದ ಕರೆಂಟಿಲ್ಲ, ಇದ್ದಷ್ಟೂ ಕುಲುಮೆಗೆ.
"ತಾಮ್ರ ಹೇಗಿದೆ?"
ಗೊತ್ತಿಲ್ಲ, ಅಂದೆ.
ಅವಳ ಕೈ ಗುಪ್ಪೆಯ ಮೇಲೆ ತಡೆಯಿತು.
ನಾಲ್ಕೋ ಐದೋ ತಿಳಿಯದೆ ನನ್ನ ಮುಖ ನೋಡಿದಳು,
ಆಮೇಲೆ ನಕ್ಕು
ಚೀಲಕ್ಕೆ ಆರು ಹಾಕಿದಳು.