ಚಂದಾ, ಮೂವತ್ತು ಯೂರೋ

ವರ್ಷಕ್ಕೆ ಮೂವತ್ತು ಯೂರೋ.
ಬದಲಿಗೆ ಒಂದು ಸ್ಟಿಕ್ಕರು, ಒಂದು ಗುರುತಿನ ಚೀಟಿ,
ಬಿಡಿಭಾಗದ ಅಂಗಡಿಯಲ್ಲಿ ನೂರಕ್ಕೆ ಐದು ಸೋಡಿ,
ಮತ್ತೆ, ಮೇ ತಿಂಗಳ ಎರಡನೇ ಭಾನುವಾರ
ನನ್ನದರಂಥವೇ ಅರವತ್ತು ಕಾರುಗಳ ನಡುವೆ
ನನ್ನದನ್ನೂ ನಿಲ್ಲಿಸುವ ಹಕ್ಕು.

ಅಂಚೆ ಕಚೇರಿಯ ಗಾಜಿನ ಹಿಂದೆ
ಇಪ್ಪತ್ತೊಂಬತ್ತು ವರ್ಷದಿಂದ ಚಿಲ್ಲರೆ ಎಣಿಸುವವಳು ನಾನು,
ಯೆರ್ನೇಯಾ.
ಲೆಕ್ಕ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಮೂವತ್ತರಲ್ಲಿ ಒಂದು ಕ್ಲಚ್ ಕೇಬಲ್ಲು ಬರುತ್ತದೆ,
ಮಿಕ್ಕಿದ್ದಕ್ಕೆ ಕಾಫಿ.
ಸಂಘ ಎಂದರೆ ಮತ್ತೇನು?
ಕೂತು ಹರಟಲು ಕುರ್ಚಿ ಬೇಕಾದವರು
ಆ ಕುರ್ಚಿಗೆ ಅಧ್ಯಕ್ಷ, ಖಜಾಂಚಿ ಎಂದು ಹೆಸರಿಡುವುದು.

ಕಾರು ಅಪ್ಪನದು. ಎಂಬತ್ತಮೂರನೇ ಇಸವಿ,
ಇದೇ ನೋವೊ ಮೆಸ್ತೊದ ಕಾರ್ಖಾನೆಯಲ್ಲಿ ಹುಟ್ಟಿದ ರೆನೋ ನಾಲ್ಕು.
ಊರೆಲ್ಲ ಅದನ್ನು ಕತ್ರ ಎನ್ನುತ್ತದೆ,
ಪಕ್ಕದ ಮನೆಯ ಹುಡುಗಿಯನ್ನು ಕೂಗುವ ಸದರದಲ್ಲಿ.
ಗೇರು ಎದುರಿನಿಂದ ಕೊಡೆಯ ಹಿಡಿಯಂತೆ ಚಾಚಿದೆ;
ಎಳೆದು, ತಿರುವಿ, ತಳ್ಳಬೇಕು.
ಕಿಟಕಿ ಇಳಿಯುವುದಿಲ್ಲ, ಸರಿಯುತ್ತದೆ.

ಆ ಕಿಟಕಿಯದೇ ಕತೆ.
ಮಳೆ ಬಂದಾಗಲೆಲ್ಲ ಹಿಂದಿನ ಎಡ ಸೀಟು ಒದ್ದೆ.
ಹಿಂದಿನ ಎಡ ಸೀಟು ನನ್ನದು.
"ಕಿಟಕಿ ಮುಚ್ಚಲು ಬಾರದವಳು
ನಾಳೆ ಏನು ಮುಚ್ಚುತ್ತೀ, ಏನು ತೆರೆಯುತ್ತೀ?"
ಅಪ್ಪ ಕನ್ನಡಿಯಲ್ಲೇ ನನ್ನನ್ನು ನೋಡುತ್ತಿದ್ದರು.
ಮುಚ್ಚಿದ್ದೆ ಎನ್ನುತ್ತಿದ್ದೆ. ಆಮೇಲಾಮೇಲೆ
ಮುಚ್ಚಿದ್ದೆ ಅನ್ನಿಸುತ್ತದೆ ಎಂದೆ.
ಆಮೇಲೆ ಸುಮ್ಮನಾದೆ.
ಚರ್ಚಿನಲ್ಲಿ ಮೊದಲ ಪ್ರಸಾದ ಪಡೆಯುವ ದಿನ
ಅಮ್ಮ ಒದ್ದೆಗೆ ಹಳೆಯ ಪತ್ರಿಕೆ ಹಾಸಿದರು.
ಇಳಿದು ನೋಡಿದರೆ ನನ್ನ ಬಿಳಿ ಫ್ರಾಕಿನ ಹಿಂದೆ
ಯಾರದೋ ಮರಣವಾರ್ತೆ
ತಿರುಗುಮುರುಗು ಅಚ್ಚಾಗಿತ್ತು.

ಮೊದಲ ವರ್ಷದ ಚಂದಾ ಕಟ್ಟಿದ್ದು ನಾನಲ್ಲ.
ಜೇನು ಸಾಕುವ ಬೊಗೊಮಿರ್,
ಕಳೆದುಹೋದ ಪಾರ್ಸೆಲ್ಲು ಹುಡುಕಿಕೊಟ್ಟ ಋಣಕ್ಕೆ.
ಸರಿ, ಹೋದೆ.
ಅಗ್ನಿಶಾಮಕ ದಳದ ಕಟ್ಟಡದ ಹಿಂದಿನ ಬಯಲು.
ಗಂಡಸರು ಬಾನೆಟ್ಟೆತ್ತಿ, ತಲೆ ಒಳಗಿಟ್ಟು
ಕಾರ್ಬುರೇಟರಿನ ಕುಲಗೋತ್ರ ವಿಚಾರಿಸುತ್ತಿದ್ದರು.
ಖಜಾಂಚಿ ಕಳೆದ ವರ್ಷದ ಸಾಸೇಜಿನ ಖರ್ಚು ಓದಿದ.
ಸ್ಟಿಕ್ಕರು ನೀಲಿಯೋ ಹಸಿರೋ ಎಂದು ಮುಕ್ಕಾಲು ಗಂಟೆ ಜಗಳ.
ಮಂಡಳಿಯ ತೀರ್ಮಾನ: ಮುಂದಿನ ವರ್ಷ ನೋಡೋಣ.
ಇದಕ್ಕೆ ಮೂವತ್ತೇ!
ಕೀಲಿ ಕೈಯಲ್ಲೇ ಹಿಡಿದಿದ್ದೆ.

ಆಗ ಒಬ್ಬ ಮುದುಕ ಬಂದ, ಲುದ್ವಿಕ್ ಅಂತೆ,
ಎಡಗೈಯ ಎರಡು ಬೆರಳು ಅರ್ಧರ್ಧ.
ಬಾನೆಟ್ಟಿನ ಕಡೆ ಕಣ್ಣೂ ಹಾಯಿಸಲಿಲ್ಲ.
ನೇರ ಹಿಂದಿನ ಎಡ ಬಾಗಿಲಿಗೆ ಹೋಗಿ
ಮೇಲಿನ ಬೆಸುಗೆಯ ಗುಂಟ ಹೆಬ್ಬೆರಳು ಎಳೆದು,
ಒಂದು ಕಡೆ ನಿಲ್ಲಿಸಿದ.
"ಇಲ್ಲಿ ಸೋರುತ್ತದೆ."
ಕೇಳಿದ್ದಲ್ಲ, ಹೇಳಿದ್ದು.
"ಆ ಶರತ್ಕಾಲ, ಎರಡನೇ ಪಾಳಿ. ಎಡಗಡೆಯವೆಲ್ಲ ನನ್ನವು.
ಶುಕ್ರವಾರದ ಹೊತ್ತಿಗೆ ಅಂಟಿನ ಡಬ್ಬ ಬರಿದಾಗುತ್ತಿತ್ತು.
ಇದ್ದಷ್ಟನ್ನೇ ಸವರಿ ಕಳಿಸುತ್ತಿದ್ದೆವು.
ಕ್ಷಮಿಸಬೇಕು."

ನಾನು ಏನು ಹೇಳಲಿ?
ಪೊತಿತ್ಸಾ ತಂದಿದ್ದೆ, ಒಂದು ತುಂಡು ಕೊಟ್ಟೆ.
ತಿಂದ. ಆಕ್ರೋಟು ಕಡಿಮೆಯಾಯಿತು ಎಂದ.

ರಾತ್ರಿ ಅಪ್ಪನಿಗೆ ಫೋನು ಮಾಡಿದೆ.
ಕೊಚೆವ್ಯೆಯಲ್ಲಿದ್ದಾರೆ, ಎರಡನೇ ಹೆಂಡತಿ, ಮೂರು ನಾಯಿ,
ಎಂಬತ್ತನಾಲ್ಕರಲ್ಲೂ ಗಟ್ಟಿ.
ಅಂಟು, ಶುಕ್ರವಾರ, ಎರಡನೇ ಪಾಳಿ,
ಎಲ್ಲ ಒಪ್ಪಿಸಿದೆ.
ಆ ಕಡೆ ಟೀವಿಯಲ್ಲಿ ಸೈಕಲ್ ರೇಸು ಓಡುತ್ತಿತ್ತು.
ಬಹಳ ಹೊತ್ತು ಓಡಿತು.
"ಆದರೂ," ಎಂದರು ಅಪ್ಪ,
"ಒಂದು ಬಟ್ಟೆಯನ್ನಾದರೂ ತುರುಕಬಹುದಿತ್ತಲ್ಲ ನೀನು."

ಈ ವರ್ಷದ ಫಾರಂ ಮೇಜಿನ ಮೇಲಿದೆ.
ಪಕ್ಕದ ಕೌಂಟರಿನ ಬ್ರೇದಾ ಕೇಳುತ್ತಾಳೆ, ಸೇರಿದ್ದು ಲಾಭವೋ ಎಂದು.
ಸ್ಟಿಕ್ಕರು ಎರಡನೇ ಮಳೆಗೇ ಕಿತ್ತುಬಂತು ಎಂದೆ.
ನನಗೆ ಬೇಕಾದ ಭಾಗಕ್ಕೆ ಸೋಡಿ ಇಲ್ಲ ಎಂದೆ.
ಅವಳು ನಕ್ಕಳು, ಮೂವತ್ತು ಉಳಿಸಿದೆ ಎಂದುಕೊಂಡಳು.
ಮೇ ತಿಂಗಳಿಗೆ ಅಂಟು ತರುತ್ತೇನೆ ಎಂದಿದ್ದಾನೆ ಲುದ್ವಿಕ್.
ತರಲಿ. ಹಚ್ಚಿಸಿಕೊಳ್ಳುವುದು ಆಮೇಲಿನ ಮಾತು.

ನಿನ್ನೆ ಮಳೆ.
ಹಿಂದಿನ ಎಡ ಸೀಟು ಎಂದಿನಂತೆ ಒದ್ದೆ.
ಅಭ್ಯಾಸಬಲ, ಕಿಟಕಿ ನೋಡಿದೆ.
ಮುಚ್ಚಿತ್ತು.