ಒಳಗೆ ಬಿಟ್ಟ ಬಟ್ಟೆ

"ಒಳಗೆ ಒಂದೆಳೆ ಬಟ್ಟೆ ಬಿಡಬೇಡ ಯಮುನಾ,
ಈ ಸಲ ಮೈಗೆ ಸರಿಯಾಗಿ ಹೊಲಿ" ಅಂದರು
ಸರ್ವಮಂಗಳಾ ಮೇಡಂ,
ದುರ್ಗಿಗುಡಿಯ ನನ್ನ ಅಂಗಡಿಯ ಒಂದೇ ಸ್ಟೂಲಿನ ಮೇಲೆ ಕೂತು.
ಮುಂಬಯಿಯಿಂದ ಹಡಗಂತೆ. ಐದು ರಾತ್ರಿ.
ಹನ್ನೊಂದು ಅಂತಸ್ತು, ಹಗಲೂ ರಾತ್ರಿ ಊಟ.
ಮೊದಲೇ ಹೋಗಿಬಂದ ನಾದಿನಿ
ನಾಲ್ಕು ಕೆಜಿ ಹೊತ್ತು ತಂದಿದ್ದಾಳೆ,
ಕಸ್ಟಮ್ಸಿನವರು ಏನೂ ಕೇಳಲಿಲ್ಲವಂತೆ.
"ನನಗೆ ಬಾಯಿ ಕಟ್ಟಲು ಬರೋದಿಲ್ಲ,
ಮೈಯನ್ನಾದರೂ ಕಟ್ಟಿ ಕಳಿಸು."

ನಾನು ಪುಸ್ತಕ ತೆಗೆದೆ.
ಅಪ್ಪನ ಅಳತೆ ಪುಸ್ತಕ, ಮೂಲೆ ಇಲಿ ತಿಂದದ್ದು.
ಅದರಲ್ಲಿ ಅವರು ಇನ್ನೂ ಕುಮಾರಿ ಸರ್ವಮಂಗಳಾ,
ಸುತ್ತಳತೆ ಮೂವತ್ತು, ನೀಲಿ ಶಾಯಿ,
ಪಕ್ಕದಲ್ಲಿ "ಮದುವೆ, ಅರ್ಜೆಂಟು".
ಮುಂದೆ ಮೂವತ್ತನಾಲ್ಕು, ಬಾಣಂತನ ಮುಗಿಸಿ ಬಂದಾಗ.
ಭದ್ರಾವತಿ ಕಾಗದದ ಕಾರ್ಖಾನೆಯ ಲೆಕ್ಕದ ಕುರ್ಚಿ
ವರ್ಷಕ್ಕೆ ಕಾಲಿಂಚಿನಂತೆ ಬಡ್ಡಿ ಸೇರಿಸಿದ್ದು.
ಆಮೇಲೆ ಒಂದೇ ಸಲ ಎರಡಿಂಚು ಇಳಿದದ್ದು.
ಅಲ್ಲಿ ಕಾರಣ ಬರೆದಿಲ್ಲ.
ಆ ವರ್ಷ ಅವರು ಹೊಲಿಯಲು ತಂದದ್ದೆಲ್ಲ
ಬೂದು ಬಣ್ಣದ ಬಟ್ಟೆ.

ಅಪ್ಪ ಹೇಳುತ್ತಿದ್ದ,
ಬೇಸಿಗೆಯ ತುಂಗೆಯನ್ನು ನೋಡಿ ಸೇತುವೆ ಕಟ್ಟಬೇಡ.
ಮೇಡಂ ಮಾತಿಗೆ ತಲೆಯಾಡಿಸಿ
ಎರಡೂ ಬಗಲಲ್ಲಿ ಮುಕ್ಕಾಲಿಂಚು ಬಿಟ್ಟು
ಕಾಣದ ಹಾಗೆ ಮಡಿಸಿ ಹೊಲಿದೆ.
ಸುಳ್ಳು ಹೇಳಲಿಲ್ಲ. ಮಾತೇ ಆಡಲಿಲ್ಲ.

ಹೋದರು.

ನಾನು ಕಂಡ ಹಡಗೆಂದರೆ ಹೊಳೆಬಾಗಿಲಿನ ಲಾಂಚು.
ಬಸ್ಸು, ಜೀಪು, ಮದುವೆ ದಿಬ್ಬಣ ಎಲ್ಲ ಅದರ ಮೇಲೆ;
ಆಚೆ ದಡ ಬರುವಷ್ಟರಲ್ಲಿ
ಒಂದು ಪೊಟ್ಟಣ ಮಂಡಕ್ಕಿ ಮುಗಿಯುತ್ತಿರಲಿಲ್ಲ.
ಅದರಲ್ಲಿ ಕೂತು ಯಾರೂ ದಪ್ಪ ಆದದ್ದು ಕೇಳಿಲ್ಲ.

ಬಂದರು. ಕೈಯಲ್ಲಿ ಹಸಿರು ರವಿಕೆ,
ಒಂದು ಬಗಲು ಸೊಟ್ಟಗೆ ಬಿಚ್ಚಿದ್ದು.
"ಲಿಫ್ಟು ಹತ್ತಲೇ ಇಲ್ಲ ಕಣೇ,
ನಾಲ್ಕರಿಂದ ಹನ್ನೊಂದಕ್ಕೆ ಮೆಟ್ಟಿಲೇ, ಈ ಮಂಡಿ ಇಟ್ಟುಕೊಂಡು.
ತಟ್ಟೆ ಬಿಟ್ಟು ಸಾಸರು ಹಿಡಿದೆ.
ಎಷ್ಟು ಸಾಸರು ಅಂತ ಮಾತ್ರ
ಲೆಕ್ಕದವಳಾಗಿಯೂ ಬರೆದಿಡಲಿಲ್ಲ.
ದುಡ್ಡು ಮೊದಲೇ ಕೊಟ್ಟಾಗಿದೆಯಲ್ಲ, ಅದೇ ರೋಗ.
ಬಿಟ್ಟ ಒಂದೊಂದು ಜಿಲೇಬಿಯೂ
ನಷ್ಟದ ಕಾಲಮ್ಮಿಗೆ ಹೋಗಿ ಕೂರುತ್ತಿತ್ತು.
ರಾತ್ರಿ ಹನ್ನೆರಡಕ್ಕೆ ಉಪ್ಪಿಟ್ಟು ಯಮುನಾ,
ಸಮುದ್ರದ ನಡುವೆ, ಗೋಡಂಬಿ ಹಾಕಿ!
ನಾನೊಬ್ಬಳಿಗೇ ಅಂತ ರವೆ ಹುರಿದು ಎಷ್ಟು ವರ್ಷವಾಯಿತೋ."

ನಾಲ್ಕನೆಯ ರಾತ್ರಿ ಎರಡನೆಯ ಹುಕ್ಕು ಹಾರಿ
ಪಕ್ಕದ ಟೇಬಲ್ಲಿನ ಪಂಜಾಬಿಯವರ
ಸೂಪಿನ ಬಟ್ಟಲಿಗೆ ತಾಗಿ ಟಣ್ ಅಂದಿತಂತೆ.
ಸೆರಗು ಹೊದ್ದು ಕೋಣೆಗೆ ಓಡಿ,
ಬಚ್ಚಲಿನ ಬೆಳಕಿನಲ್ಲಿ
ಉಗುರು ಕತ್ತರಿ ಹಿಡಿದು ಬಗಲು ಬಿಚ್ಚಿದರೆ
ಒಳಗೆ ಮಲಗಿತ್ತು, ಮುಕ್ಕಾಲಿಂಚು.

"ಬೇಡ ಅಂದಿದ್ದೆ."
"ಹೌದು ಮೇಡಂ."
"ಸಿಟ್ಟು ಬಂತು. ಆಮೇಲೆ ಹಾಸಿಗೆ ಮೇಲೆ ಕೂತು ನಕ್ಕೆ.
ಆಮೇಲೆ ಮತ್ತೆ ಮೆಟ್ಟಿಲು ಹತ್ತಿದೆ.
ಐಸ್‌ಕ್ರೀಂ ಇನ್ನೂ ಇತ್ತು."

ಬ್ಯಾಗಿನಿಂದ ಚಾಕಲೇಟು ತೆಗೆದರು,
ದಿನಾ ರಾತ್ರಿ ದಿಂಬಿನ ಮೇಲೆ ಇಡುತ್ತಿದ್ದರಂತೆ.
ಐದರಲ್ಲಿ ಮೂರು ಉಳಿಸಿ ತಂದದ್ದು,
ಶಿವಮೊಗ್ಗದ ಸೆಖೆಗೆ ಬೆನ್ನು ಬಾಗಿದ್ದವು.
ಒಂದು ನಾನು ತಿಂದೆ. ಒಂದು ಅವರೂ.
ಮೂರನೆಯದನ್ನು ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು.

ಆಮೇಲೆ ಕೈಯೆತ್ತಿ ನಿಂತರು,
"ಅಳೆ. ಇದ್ದದ್ದನ್ನು ಇದ್ದ ಹಾಗೆ ಹೇಳು."
ಟೇಪಿನೊಳಗೆ ಎರಡು ಬೆರಳಿಟ್ಟು ಅಳೆಯುವುದು
ಅಪ್ಪನ ಕಾಲದಿಂದ ನಮ್ಮ ಪದ್ಧತಿ,
ಉಸಿರಾಟಕ್ಕೆ ಅಂತ.
ಅವತ್ತು ಒಂದೇ ಬೆರಳಿಟ್ಟೆ.
ಬಂದ ಅಂಕಿಯನ್ನು ಗಟ್ಟಿಯಾಗಿ ಓದಿ,
ಪುಸ್ತಕದಲ್ಲಿ
ಪೆನ್ಸಿಲ್ಲಿನಿಂದ ಬರೆದೆ.