ಮಂಜುಗಡ್ಡೆಯ ಮೇಸ್ತ್ರಿ

ಮೂವತ್ತು ಚಳಿಗಾಲ
ಡೊಕ್ಕುಮ್ ಕಾಲುವೆಯ ಮಂಜುಗಡ್ಡೆ ಅಳೆದವನು ನಾನು.
ನಸುಕಿಗೇ ಬೈರಿಗೆ ಹೆಗಲಿಗೇರಿಸಿ
ಹತ್ತು ಹೆಜ್ಜೆಗೊಂದು ತೂತು ಕೊರೆದು
ಅಳತೆಕೋಲು ಇಳಿಸಿ
ಪುಸ್ತಕದಲ್ಲಿ ಬರೆಯುತ್ತಿದ್ದೆ: ನಾಲ್ಕು. ಆರು. ಏಳೂವರೆ.
ಹದಿನೈದು ಸೆಂಟಿಮೀಟರ್ ಆದರೆ
ಹನ್ನೊಂದು ಊರು ಜಾರುತ್ತ ಸುತ್ತುವ ಓಟ.
ಆಗಲಿಲ್ಲ. ವರ್ಷ ವರ್ಷವೂ ಆಗಲಿಲ್ಲ.
ಇಬ್ಬನಿಗೇ ಚಳಿಗಾಲವೆಂದು ಹೆಸರಿಟ್ಟು ಕೂತಿದ್ದೇವೆ ಈಗ.

ಈ ಸಲ ಚಳಿ ಬಂದದ್ದು ಜೂನ್‌ನಲ್ಲಿ,
ಲೇವಾರ್ಡನ್ ಆಸ್ಪತ್ರೆಯ ಮೂರನೇ ಮಹಡಿಗೆ,
ಕೊಳವೆಯ ಬಾಲವಿರುವ ನೀಲಿ ಟೊಪ್ಪಿಯಾಗಿ.

"ಬೇರುಗಳನ್ನು ಮಲಗಿಸುತ್ತೇವೆ" ಎಂದಳು ನರ್ಸ್ ಫೆನ್ನಾ.
"ನೆತ್ತಿ ತಣ್ಣಗಾದರೆ ರಕ್ತನಾಳ ಮುದುಡುತ್ತವೆ.
ಔಷಧ ಬಂದು ಬಾಗಿಲು ತಟ್ಟಿದರೂ
ಒಳಗೆ ಯಾರೂ ಏಳುವುದಿಲ್ಲ.
ಎಲ್ಲರಿಗೂ ಫಲಿಸುತ್ತದೆ ಅಂತಲ್ಲ,
ಅರ್ಧಕ್ಕರ್ಧ ಅನ್ನಿ."
ಅರ್ಧಕ್ಕರ್ಧ ನನಗೆ ಹಳೆಯ ಪರಿಚಯ.

ಯೆಲ್ಚೆಯ ಕೂದಲು ಒದ್ದೆ ಮಾಡಿದೆ,
ಹೂಗಿಡಕ್ಕೆ ಚಿಮುಕಿಸುವ ಬಾಟಲಿಯಲ್ಲಿ.
ನಲವತ್ತೊಂದು ವರ್ಷ ಒಂದೇ ಹಾಸಿಗೆ,
ಅವಳ ಬೈತಲೆ ಎತ್ತ ವಾಲುತ್ತದೆಂದು
ಬೆರಳಿಗೆ ತಿಳಿದದ್ದು ಅವತ್ತೇ.
ಟೊಪ್ಪಿ ತೊಡಿಸಿ ಗದ್ದದ ಪಟ್ಟಿ ಬಿಗಿದೆ.

ಮೊದಲ ಕಾಲುಗಂಟೆ ಹಲ್ಲು ಕಚ್ಚಿದಳು,
ಹಣೆಗೆ ಮೊಳೆ ಹೊಡೆದ ಹಾಗಿದೆ ಎಂದಳು,
ಫ್ರೀಸಿಯನ್ ಭಾಷೆಯ ಬೈಗುಳವನ್ನೆಲ್ಲ
ಆ ಯಂತ್ರಕ್ಕೆ ಕಲಿಸಿದಳು.
ಆಮೇಲೆ ಎಲ್ಲ ಮರಗಟ್ಟಿತು.

ಬೇಡವಾದರೆ ತೆಗೆದುಬಿಡೋಣ ಅಂದೆ, ಕೂದಲು ತಾನೇ.

"ಎದೆ ಹೋದದ್ದು ಅಂಗಿಯೊಳಗೆ" ಎಂದಳು.
ಸೇತುವೆ ಕಾಯುವವಳು ಅವಳು. ದೋಣಿ ಬಂದರೆ
ಹಲಗೆ ಎತ್ತಿ, ಕೋಲಿನ ತುದಿಗೆ ಕಟ್ಟಿದ
ಮರದ ಮೆಟ್ಟನ್ನು ಸುಂಕಕ್ಕೆ ಇಳಿಬಿಡುವವಳು.
"ತಲೆ ಬೋಳಾದರೆ ಕೆಳಗಿಂದ ನೋಡಿ
ನಾಣ್ಯದ ಜೊತೆ ಒಂದು 'ಅಯ್ಯೋ' ಹಾಕುತ್ತಾರೆ.
ಸುಂಕ ಕೊಟ್ಟು ಹೋಗಲಿ.
ಅಯ್ಯೋ ಬೇಡ."

ಮೂರನೆಯ ಸಲ ಮುಗಿದು ಹತ್ತು ದಿನಕ್ಕೆ
ಅಗಲ ಹಲ್ಲಿನ ಬಾಚಣಿಗೆಗೆ ಒಂದು ಹಿಡಿ ಬಂತು.
ಎಡಗಿವಿಯ ಹಿಂದೆ ಅಂಗೈಯಗಲ ಬರಿದು.
ಫೆನ್ನಾ ಬೆರಳಾಡಿಸಿ ನೋಡಿದಳು:
"ಇಲ್ಲಿ ಟೊಪ್ಪಿ ತಾಕಿಲ್ಲ. ನಡುವೆ ಗಾಳಿ ಸೇರಿದೆ."

ನಾನು ಬಿಗಿದ ಪಟ್ಟಿ.
ಸೇತುವೆಯ ಕೆಳಗಿನ ಗಡ್ಡೆ ನಂಬಬೇಡಿ,
ಅಲ್ಲಿ ಗಾಳಿ ಸುಳಿಯುತ್ತದೆ, ನೀರು ಕಟ್ಟುವುದಿಲ್ಲ ಎಂದು
ಕಂಡಕಂಡ ಹುಡುಗರಿಗೆ ಹೇಳುತ್ತ ಮುದುಕನಾದವನು
ಮನೆಯ ಸೇತುವೆಯನ್ನೇ ಮರೆತಿದ್ದೆ.
ಕೂದಲೂ ಕೊಂಕದಂತೆ ನೋಡಿಕೊಳ್ಳುತ್ತೇನೆಂದು
ಮದುವೆಯ ದಿನ ಎಲ್ಲರೂ ಅನ್ನುವವರೇ;
ಲೆಕ್ಕ ಕೇಳುವ ದಿನ ಬರುತ್ತದೆಂದು
ಯಾರಿಗೆ ಗೊತ್ತು.

ಎರಡು ಕನ್ನಡಿ ಹಿಡಿದು ತುಂಬ ಹೊತ್ತು ನೋಡಿಕೊಂಡಳು.
ನಾನು ಹಾಲು ಕಾಯಿಸುವ ನೆಪ ಹುಡುಕಿದೆ.
ಒಳಗಿಂದ ಕೂಗಿದಳು: "ಕ್ಲೂನೆನ್!"

ಅದು ನಮ್ಮ ಮಾತು. ಜಾರುವವರ ಮಾತು.
ಗಡ್ಡೆ ಕಟ್ಟದ ಕಡೆ ದಡ ಹತ್ತಿ,
ಊರವರು ತಂದು ಹಾಸಿದ ಹಳೆಯ ಜಮಖಾನದ ಮೇಲೆ
ಬೂಟಿನ ಅಲಗು ಕಳಚದೆ
ಬಾತುಕೋಳಿಯ ಹಾಗೆ ನಾಲ್ಕು ಹೆಜ್ಜೆ ನಡೆದು
ಆಚೆ ಬದಿಗೆ ಮತ್ತೆ ಇಳಿಯುವುದು.
ಓಟ ನಿಂತಿತೆಂದು ಅರ್ಥವಲ್ಲ.

ನಾಲ್ಕನೆಯ ಸಲ ಆ ಜಾಗಕ್ಕೆ
ಟೊಪ್ಪಿಯ ಮೇಲಿಂದ ಅಂಗೈ ಒತ್ತಿ ಕೂತೆ.
ಔಷಧ ಮುಗಿದ ಮೇಲೂ ಒಂದೂವರೆ ಗಂಟೆ.
ಕೈ ನನ್ನದಲ್ಲ ಅನ್ನಿಸುವವರೆಗೆ.
ಹಳೆಯ ಪುಸ್ತಕ ತೆಗೆದು ಬರೆದೆ:
ಎಡಗಡೆ ತೆಳು. ಬಲಗಡೆ, ನೆತ್ತಿ, ಹಿಂಭಾಗ
ಭಾರ ತಡೆಯುತ್ತದೆ.

ಸೆಪ್ಟೆಂಬರಿನಲ್ಲಿ ಸೇತುವೆಗೆ ಹೋದಳು.
ಕಂದು ಹಾಯಿಯ ದೋಣಿಯೊಂದು ಬಂತು.
ಮೆಟ್ಟು ಇಳಿಬಿಡುವಾಗ ಬೀಸಿದ ಗಾಳಿಗೆ
ಉಳಿದ ಕೂದಲೆಲ್ಲ ಒಂದೇ ಬದಿಗೆ ಎದ್ದು
ಆ ಬರಿದು ಜಾಗ ಬಿಸಿಲಿಗೆ ಬಿತ್ತು.
ದೋಣಿಯವನು ತಲೆಯೆತ್ತಿ ನೋಡಿದ,
ನೋಡಿಯೇ ನೋಡಿದ.
"ಗಾಳಿ ಜೋರು ಇವತ್ತು" ಎಂದು
ಎರಡು ಯೂರೋ ಹಾಕಿ ಹೋದ.